ಅಂಗಡಿ ಬೋರ್ಡಿನಿಂದ ಪಾಪ್ ಆರ್ಟ್ ಪ್ರಿಂಟ್

ಜಾಹೀರಾತು, ಕಾಮಿಕ್ಸ್‌ನಂಥ ದಿನಬಳಕೆಯ ಸಂಗತಿಗಳನ್ನೇ ಎತ್ತಿ ಕಲೆ ಮಾಡುವುದು ಪಾಪ್ ಆರ್ಟ್. ಅಂಥ ಪ್ರಿಂಟ್‌ಗೆ ಮೊದಲು ಬೇಕಾದ್ದು ಒಂದು ಮಾತು. ಎಲ್ಲರೂ ದಿನಾ ನೋಡಿ ನೋಡಿ ಓದುವುದನ್ನೇ ಬಿಟ್ಟಿರುವ ಮಾತು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮದುವೆ ಕಾಗದ, ಬಟ್ಟೆ ಚೀಲ ಪ್ರಿಂಟ್ ಮಾಡುವವನು. ಹಳೇ ಅಂಗಡಿಗಳಲ್ಲಿ ತೂಗುವ ‘ಇಂದು ನಗದು, ನಾಳೆ ಸಾಲ’ ಬೋರ್ಡು ನನಗೆ ತುಂಬ ಇಷ್ಟ. ಅದನ್ನೇ ತೆಗೆದುಕೊಳ್ಳೋಣ.

ಇಡೀ ಸಾಲು ಬೇಡ, ಕತ್ತರಿಸಿ. ಲಾಸ್ ಏಂಜಲೀಸ್‌ನ ಕ್ರೈಸ್ತ ಸನ್ಯಾಸಿನಿ ಕೊರಿಟಾ ಕೆಂಟ್ 1960ರ ದಶಕದಲ್ಲಿ ಬ್ರೆಡ್ಡು, ಟೊಮೆಟೊ ಜಾಹೀರಾತಿನ ಮಾತುಗಳನ್ನು ಹೀಗೇ ಎತ್ತಿ, ಹಿಗ್ಗಿಸಿ, ತಿರುಗಿಸಿ ಪ್ರಿಂಟ್ ಮಾಡಿದರು. 1964ರ ಒಂದು ಪ್ರಿಂಟ್‌ನಲ್ಲಿ ಟೊಮೆಟೊದ ಹೊಗಳಿಕೆ ಮೇರಿ ಮಾತೆಯ ಹೊಗಳಿಕೆಯಾಯಿತು. ನಮ್ಮ ಬೋರ್ಡಿನ ‘ನಾಳೆ’ ಒಂದನ್ನೇ ಕಾಗದದ ತುಂಬ ಇಡಿ. ಸಾಲದ ಸುದ್ದಿ ಹೋಗಿ ಬೇರೆಯೇ ಅರ್ಥ ಬರುತ್ತದೆ, ಅಲ್ವಾ?

ಇನ್ನು ಸಂಕೇತ. ‘ನಾಳೆ’ ಪಕ್ಕ ಗಡಿಯಾರ ಇಟ್ಟರೆ ಹೇಳಿದ್ದನ್ನೇ ಹೇಳಿದಂತೆ. ನಾನಾದರೆ ಅಂಗಳದಲ್ಲಿ ಒಣಹಾಕಿದ ಅಡಿಕೆ ಇಡುತ್ತೇನೆ. ಒಣಗಲು ಸುಮಾರು 40 ದಿನ, ಆಮೇಲೆ ರೇಟು ಏರಲಿ ಎಂದು ಕಾಯುವುದು. ನಮ್ಮಲ್ಲಿ ಮಲಯಾಳ ಮಾತ್ರ ಓದುವವರಿಗೂ ಅದು ತಟ್ಟನೆ ಹೊಳೆಯುತ್ತದೆ. ಮೇಲಿಂದ ನೋಡಿದರೆ ಅಡಿಕೆ ಬರೀ ಚುಕ್ಕಿ. ಅಮೆರಿಕದ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಕಾಮಿಕ್ಸ್ ಅಚ್ಚಿನ ಚುಕ್ಕಿಗಳನ್ನೇ ದೊಡ್ಡದು ಮಾಡಿ ಚಿತ್ರ ಕಟ್ಟಿದವರು. ನೀವು ಅಡಿಕೆಯನ್ನೇ ಚುಕ್ಕಿ ಮಾಡಿ, ಸಾಲಾಗಿ ಹಾಕಿ.

ಕಾಗದದ ಸ್ಟೆನ್ಸಿಲ್‌ಗೆ ಖರ್ಚು ಕಡಿಮೆ, ಆದರೆ ಕನ್ನಡಕ್ಕೆ ಕಷ್ಟ. ‘ಇಂದು’ ಕತ್ತರಿಸಿ ನೋಡಿ: ಸೊನ್ನೆಯ ಒಳಗಿನ ತುಂಡು ಉದುರಿ ಬರೀ ಬೊಟ್ಟು ಉಳಿಯುತ್ತದೆ. ಅದಕ್ಕೇ ಬೆಳಕಿಗೆ ಗಟ್ಟಿಯಾಗುವ ದ್ರವ, ಎಮಲ್ಶನ್ ಒಳ್ಳೆಯದು. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಬಿಗಿದ ಮೆಶ್, ಸಣ್ಣ ಕಣ್ಣಿನ ಬಲೆಬಟ್ಟೆ. ಮಬ್ಬು ಬೆಳಕಿನಲ್ಲಿ ಅದಕ್ಕೆ ಎಮಲ್ಶನ್ ತೆಳ್ಳಗೆ ಬಳಿದು ಒಣಗಿಸಿ. ಟ್ರೇಸಿಂಗ್ ಪೇಪರಿನಲ್ಲಿ ಕಡುಕಪ್ಪಾಗಿ ತೆಗೆದ ಅಕ್ಷರ ಅದರ ಮೇಲಿಟ್ಟು, ಗಾಜು ಹೇರಿ ಬೆಳಕು ಕೊಡಿ. ಬೆಳಕು ಬಿದ್ದ ಕಡೆ ಎಮಲ್ಶನ್ ಗಟ್ಟಿಯಾಗುತ್ತದೆ, ಅಕ್ಷರದ ಅಡಿಯದ್ದು ನೀರಿಗೆ ತೊಳೆದು ಹೋಗುತ್ತದೆ. ಇಂಕ್ ಕಾಗದಕ್ಕೆ ಇಳಿಯುವುದು ಆ ತೆರೆದ ಜಾಗದಿಂದಲೇ. ಆಟಿ ಮಳೆಯಲ್ಲಿ ಇದು ಬೇಗ ಒಣಗುವುದಿಲ್ಲ. ಫ್ಯಾನ್ ಹಾಕಿ, ಸುಮ್ನೆ ಅವಸರ ಮಾಡಬೇಡಿ. ಮೆಶ್ ಕಾಗದಕ್ಕಾದರೆ ಸೆಂಟಿಮೀಟರಿಗೆ 90 ಎಳೆಯಾದರೂ ಇರಲಿ, ಬಟ್ಟೆ ಚೀಲಕ್ಕೆ 43 ಸಾಕು.

ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್. ಮೊದಲು ಹಣ್ಣಡಿಕೆಯ ಕಿತ್ತಳೆ ಚುಕ್ಕಿ, ಒಣಗಿದ ಮೇಲೆ ಕೆಂಪು ‘ನಾಳೆ’, ಕೊನೆಗೆ ಅದರ ಕಪ್ಪು ಅಂಚು. ಅಂಚು ಕೊಂಚ ಸರಿದ ಪ್ರತಿಯನ್ನು ಎಸೆಯಬೇಡಿ. ಅಮೆರಿಕದ ಇನ್ನೊಬ್ಬ ಪಾಪ್ ಕಲಾವಿದ ಆಂಡಿ ವಾರ್ಹಾಲ್ 1962ರಲ್ಲಿ ಮಾಡಿದ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಚಿತ್ರಗಳಲ್ಲೂ ತುಟಿಯ ಬಣ್ಣ ಗೆರೆ ದಾಟಿದೆ, ಚಿತ್ರಕ್ಕೆ ಜೀವ ಬಂದದ್ದು ಅಲ್ಲೇ. ಕೆಲಸ ಮುಗಿದ ಕೂಡಲೇ ಸ್ಕ್ರೀನ್ ತೊಳೆಯಿರಿ. ಇಂಕ್ ಮೆಶ್‌ನಲ್ಲೇ ಒಣಗಿದರೆ ಮುಂದಿನ ಸಲ ‘ಳೆ’ಯ ಸುಳಿ ಕಟ್ಟಿಕೊಂಡಿರುತ್ತದೆ.