ಕೆಂಚಿಗೆ ಪಾಠ ಹೇಳುವಾಗ ಸಿಟ್ಟನ್ನು ಹಿಡಿದುಕೊಂಡಿದ್ದು ಹೇಗೆ

ನಮ್ಮ ಕೆಂಚಿ ಮುಧೋಳ ತಳಿಯ ಹೆಣ್ಣು ನಾಯಿ. ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿಸಿಕೊಂಡು ಹೋಗಲಿ ಅಂತಲೇ ಬೆಳೆಸಿದ ತಳಿ ಅದು. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ತಾನೇ ತೀರ್ಮಾನ ಮಾಡಿ ಓಡುತ್ತೆ. ಹಿಂದೆ ತಿರುಗಿ ನಮ್ಮ ಅಪ್ಪಣೆಗೆ ಕಾಯುವುದಿಲ್ಲ. ಪಕ್ಕದ ಮನೆಯ ಲ್ಯಾಬ್ರಡಾರ್ ಕರೆದ ತಕ್ಷಣ ಬಾಲ ಅಲ್ಲಾಡಿಸಿಕೊಂಡು ಬರುತ್ತೆ. ಬೇಟೆಗಾರ ಹೊಡೆದ ಹಕ್ಕಿಯನ್ನು ತಂದು ಅವನ ಕೈಗೇ ಕೊಡಲಿ ಅಂತ ಬೆಳೆಸಿದ ತಳಿ ಅದು, ಮನುಷ್ಯನ ಮುಖ ನೋಡುವುದು ಅದರ ರಕ್ತದಲ್ಲೇ ಇದೆ. ಈ ವ್ಯತ್ಯಾಸ ತಲೆಗೆ ಹೋದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಬರದಿದ್ದರೆ ಸೊಕ್ಕು ಅಂತ ಅನ್ನಿಸುವುದು ನಿಂತುಹೋಯಿತು.

ಉಳಿದರ್ಧಕ್ಕೆ ಕೆಲಸ ಮಾಡಬೇಕಾಯಿತು. ತಾಳ್ಮೆ ಹುಟ್ಟುಗುಣ, ಕೆಲವರಿಗೆ ಇರುತ್ತೆ, ಕೆಲವರಿಗೆ ಇಲ್ಲ ಅಂತಾರೆ. ನಾನು ಒಪ್ಪುವುದಿಲ್ಲ. ಯಾವ ಹೊತ್ತಿನಲ್ಲಿ, ಎಲ್ಲಿ, ಎಷ್ಟು ಹೊತ್ತು ಕಲಿಸುತ್ತೀವಿ ಅನ್ನುವುದರ ಮೇಲೆ ನಮ್ಮ ತಾಳ್ಮೆ ನಿಂತಿರುತ್ತೆ. ಆಫೀಸಿನಿಂದ ಬಂದು, ಹೊಟ್ಟೆ ಹಸಿದು, ತಲೆ ಸಿಡಿಯುವಾಗ ಹಗ್ಗ ಹಿಡಿದುಕೊಂಡು ನಿಂತರೆ ಎಂಥ ಸಾಧುವಿಗೂ ರೇಗುತ್ತೆ. ಅದಕ್ಕೇ ನಮ್ಮ ಪಾಠ ಬೆಳಿಗ್ಗೆ, ನನ್ನ ಕಾಫಿ ಆದ ಮೇಲೆ, ಅವಳ ಊಟಕ್ಕೆ ಮೊದಲು. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ಅಷ್ಟೇ. ಬೇಸಿಗೆಯಲ್ಲಂತೂ ದಾವಣಗೆರೆಯ ಬಿಸಿಲು ಗೊತ್ತಲ್ವಾ, ಎಂಟೂವರೆ ಒಂಬತ್ತಕ್ಕೆಲ್ಲ ಟಾರು ಕಾಯಲು ಶುರುವಾಗುತ್ತೆ. ಅಂಗೈಯ ಹಿಂಬದಿಯನ್ನು ರಸ್ತೆ ಮೇಲೆ ಐದು ಸೆಕೆಂಡು ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಆಗ ಅದು ನಿಂತಲ್ಲಿ ನಿಲ್ಲದೆ ಕಾಲು ಎತ್ತಿ ಎತ್ತಿ ಇಟ್ಟರೆ ಅದು ಹಟ ಅಂತ ನಾವು ಬೈಯಬಾರದು.

ಅತಿ ಕಷ್ಟದ ಪಾಠ ಕರೆದಾಗ ಬರುವುದು. ಇದನ್ನು ನಾನು ಕುಂದುವಾಡ ಕೆರೆ ಕಡೆ ಉದ್ದ ಹಗ್ಗ ಕಟ್ಟಿ ಮಾಡಿಸುತ್ತೇನೆ. ಕೆರೆ ಅಂದಮೇಲೆ ಬೆಳ್ಳಕ್ಕಿ ಇದ್ದೇ ಇರುತ್ತವೆ. ಬೆಳ್ಳಕ್ಕಿಯೊಂದು ಕಂಡಿತು ಅಂದುಕೊಳ್ಳಿ. ಕೆಂಚಿಯ ಕತ್ತು ಉದ್ದವಾಗುತ್ತೆ, ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತೆ, ಮುಂಗಾಲೊಂದು ಅರ್ಧ ಮೇಲೇಳುತ್ತೆ. ಆ ಹೊತ್ತಿನಲ್ಲಿ ಬೇಯಿಸಿದ ಕೋಳಿಯ ಚೂರನ್ನು ಮೂಗಿಗೇ ಹಿಡಿದರೂ ಅದು ಅವಳಿಗೆ ಇಲ್ಲವೇ ಇಲ್ಲ. "ಕೆಂಚಿ ಬಾ, ಕೆಂಚಿ ಬಾ" ಅಂತ ಕೂಗುತ್ತಾ ಹೋದರೆ ನನ್ನ ಗಂಟಲೂ ಹೋಗುತ್ತೆ, "ಬಾ" ಅನ್ನುವ ಮಾತಿನ ಬೆಲೆಯೂ ಹೋಗುತ್ತೆ. ಹಗ್ಗ ಬಿಗಿಯಾದಷ್ಟೂ ನನ್ನ ಮುಷ್ಟಿ ಬಿಗಿಯಾಗುತ್ತೆ, ಆಮೇಲೆ ದವಡೆ.

ನಾನು ಗಮನ ಇಟ್ಟಿರುವುದು ಈ ದವಡೆಯ ಮೇಲೆ. ಹಲ್ಲು ಕಚ್ಚಿಕೊಂಡಿದ್ದೇನೆ ಅಂತ ಗೊತ್ತಾದ ಕೂಡಲೇ ಬಾಯಿ ಮುಚ್ಚಿ, ಹಗ್ಗ ಜಗ್ಗದೆ, ನಾನೇ ನಿಧಾನಕ್ಕೆ ಹಿಂದೆ ಹಿಂದೆ ಹೆಜ್ಜೆ ಇಡುತ್ತೇನೆ. ಅವಳನ್ನೂ ಹಕ್ಕಿಯಿಂದ ದೂರ ಕರೆದುಕೊಂಡು ಬಂದ ಹಾಗಾಗುತ್ತೆ. ಒಂದಷ್ಟು ದೂರ ಬಂದಮೇಲೆ ಒಂದು ಕಿವಿ ನನ್ನ ಕಡೆ ತಿರುಗುತ್ತೆ. ಕಣ್ಣು ಇನ್ನೂ ಹಕ್ಕಿ ಮೇಲೆ, ಕಿವಿ ಮಾತ್ರ ನನ್ನ ಕಡೆ. ಅಲ್ಲೇ "ಭೇಷ್" ಅಂತೀನಿ. ತಲೆ ತಿರುಗಿಸಿದರೆ ಕೋಳಿ ಚೂರು. ಒಂದೆರಡು ಸೆಕೆಂಡಿನೊಳಗೆ ಕೊಟ್ಟರೆ ಮಾತ್ರ ಯಾತಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯುತ್ತೆ. ತಡವಾದರೆ ಸುಮ್ನೆ ತಿಂಡಿ ಸಿಕ್ಕ ಹಾಗೆ. ಮುಂದಿನ ಸಲ ಪಾಠ ಶುರುವಾಗುವುದು ಆ ಕಿವಿ ತಿರುಗಿದ ಜಾಗದಿಂದ. ಅಲ್ಲಿಂದ ಹಕ್ಕಿಯ ಕಡೆ ಒಂದೊಂದೇ ಹೆಜ್ಜೆ ಹೋಗುತ್ತೇವೆ.

ತಿಂಡಿಯ ಬಗ್ಗೆ ಒಂದು ಮಾತು. ಮನೆಯಲ್ಲಿ, ಅಂಗಳದಲ್ಲಿ, ಗಲಾಟೆ ಇಲ್ಲದ ಕಡೆ ಸಪ್ಪೆ ಮಂಡಕ್ಕಿಯ ಕಾಳೇ ಸಾಕಾಗುತ್ತೆ. ನಮ್ಮೂರಲ್ಲಿ ಮಂಡಕ್ಕಿಗೆ ಬರವೇ? ಕೆರೆ ಕಡೆ ಹೊರಟರೆ ಮಾತ್ರ ಕೋಳಿ, ಮೊಟ್ಟೆ. ಖಾರ ಮಂಡಕ್ಕಿ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಇನ್ನು ಮನೆಯವರು. ನಿಜ ಹೇಳಬೇಕೆಂದರೆ ನನಗೆ ನಾಯಿಗಿಂತ ಜಾಸ್ತಿ ರೇಗುತ್ತಿದ್ದದ್ದು ಮನೆಯವರ ಮೇಲೆ. ನಾನು "ಬಾ" ಅಂತೀನಿ, ಅಪ್ಪ "ಕಮಾನ್" ಅಂತಾರೆ, ತಮ್ಮ ಸೀಟಿ ಹೊಡೀತಾನೆ. ಊಟದ ಹೊತ್ತಿಗೆ ಅಜ್ಜಿ ತಟ್ಟೆಯಿಂದ ರೊಟ್ಟಿ ಮುರಿದು ಹಾಕುತ್ತಿದ್ದರು. ಕೆಂಚಿ ಬೊಗಳುವುದು, ಅಜ್ಜಿ "ಪಾಪ, ಹಸಿದೈತೆ ಕಣಪ್ಪ" ಅನ್ನುವುದು. ಅಜ್ಜಿಗೆ ಕೊಡಬೇಡಿ ಅಂದರೆ ಮನಸ್ಸಿಗೆ ನೋವು. ಹಾಗಾಗಿ ಕೊಡುವ ಕೆಲಸವನ್ನೇ ಅಜ್ಜಿಗೆ ವಹಿಸಿದೆ. "ಅಜ್ಜಿ, ಕೆಂಚಿ ಚಾಪೆ ಮೇಲೆ ಮಲಗಿದ್ದರೆ ಮಾತ್ರ ನಿಮ್ಮ ಕೈಯಿಂದ ಚೂರು ಹಾಕಿ, ಬೊಗಳಿದರೆ ನೋಡಲೇಬೇಡಿ" ಅಂದೆ. ಮೊದಮೊದಲು ಬೊಗಳುವುದು ಇನ್ನೂ ಜೋರಾಯಿತು. ಹೀಗಾಗುತ್ತೆ ಅಂತ ಮೊದಲೇ ತಿಳಿದಿರಬೇಕು. ಇಷ್ಟು ದಿನ ಫಲ ಕೊಟ್ಟ ಉಪಾಯ ಈಗ ನಡೆಯದಿದ್ದರೆ ನಾಯಿ ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತೆ. ಆ ಹಂತದಲ್ಲಿ ಮನಸ್ಸು ಕರಗಿ ಕೊಟ್ಟರೆ ಇನ್ನೂ ಜೋರಾಗಿ ಬೊಗಳುವುದನ್ನು ಕಲಿಸಿದ ಹಾಗೆ. ಅಜ್ಜಿ ಗಟ್ಟಿ, ಕರಗಲಿಲ್ಲ. ಈಗ ಅಜ್ಜಿ ಊಟಕ್ಕೆ ಕೂತರೆ ಕೆಂಚಿ ಮೊದಲೇ ಹೋಗಿ ಚಾಪೆ ಮೇಲೆ ಮಲಗಿರುತ್ತಾಳೆ.

ಎಂಟನೇ ತಿಂಗಳ ಹೊತ್ತಿಗೆ ಕಲಿತದ್ದೆಲ್ಲ ಮರೆತ ಹಾಗೆ ಆಡತೊಡಗಿದಳು. "ಕೂತ್ಕೋ" ಅಂದರೆ ಮುಖ ಆ ಕಡೆ. ಬಹಳ ಜನ ನಾಯಿಯ ಮೇಲೆ ಆಸೆ ಬಿಡುವುದು ಈ ವಯಸ್ಸಿನಲ್ಲೇ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಾದಾಗ ಸಾಕಿದವರ ಮಾತನ್ನು ಕಡಿಮೆ ಕೇಳಿದವು. ಅದೇ ಮಾತನ್ನು ಹೊರಗಿನವರು ಹೇಳಿದರೆ ಕೇಳಿದವು! ವರ್ಷ ತುಂಬುವ ಹೊತ್ತಿಗೆ ಮತ್ತೆ ಸರಿಹೋದವು. ಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಹೊಸ ಪಾಠ ನಿಲ್ಲಿಸಿದೆ. ಗೊತ್ತಿದ್ದ ಸಣ್ಣ ಸಣ್ಣದನ್ನೇ ಮಾಡಿಸಿ, ಗೆಲ್ಲಿಸಿ, ಮುಗಿಸುತ್ತಿದ್ದೆ.

"ಎರಡು ಬಿಟ್ಟರೆ ಸರಿಹೋಗುತ್ತೆ" ಅನ್ನುವವರು ಓಣಿಗೊಬ್ಬರು ಸಿಗುತ್ತಾರೆ. ಹೊಡೆದರೆ ಆ ಕ್ಷಣ ನಿಲ್ಲಿಸುತ್ತೆ, ನಿಜ. ಆದರೆ ಕರೆದಾಗ ಬಂದ ನಾಯಿಗೆ ತಡವಾಯಿತು ಅಂತ ಏಟು ಬಿದ್ದರೆ, ಅದು ಕಲಿಯುವುದು "ಹತ್ತಿರ ಹೋದರೆ ಪೆಟ್ಟು" ಅಂತ. ಮುಂದಿನ ಸಲ ಬರುವುದೇ ಇಲ್ಲ. ನಾವು ಗದರುವಾಗ ನಾಯಿ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ನೆಲ ಮೂಸುವುದು ಮಾಡಿದರೆ ಉಡಾಫೆ ಅಂದುಕೊಳ್ಳುತ್ತೇವೆ. ಅಂಥ ಹೊತ್ತಿನಲ್ಲಿ ಅದು ಸಾಮಾನ್ಯವಾಗಿ ಗಾಬರಿಯ ಲಕ್ಷಣ. ಕೆಂಚಿ ಹಾಗೆ ಮಾಡಿದರೆ ಪಾಠ ಅಲ್ಲಿಗೇ ನಿಲ್ಲುತ್ತೆ.

ನಗುಮುಖ ಹಾಕಿಕೊಂಡು ಒಳಗೆ ಕುದಿಯುವುದರಿಂದಲೂ ಉಪಯೋಗವಿಲ್ಲ. 2022ರಲ್ಲಿ ಬೆಲ್‌ಫಾಸ್ಟಿನ ವಿಶ್ವವಿದ್ಯಾಲಯವೊಂದರಲ್ಲಿ ಜನರಿಗೆ ಕಷ್ಟದ ಲೆಕ್ಕ ಕೊಟ್ಟು, ಲೆಕ್ಕಕ್ಕೆ ಮೊದಲಿನ ಮತ್ತು ಆಮೇಲಿನ ಬೆವರು, ಉಸಿರಿನ ವಾಸನೆಯನ್ನು ನಾಲ್ಕು ನಾಯಿಗಳಿಗೆ ಮೂಸಿಸಿದರು. ಒತ್ತಡದಲ್ಲಿದ್ದಾಗಿನ ವಾಸನೆಯನ್ನು ಅವು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ಅಂದಮೇಲೆ ನನ್ನ ಸಿಟ್ಟು ಕೆಂಚಿಗೆ ತಿಳಿಯದೆ ಇರುತ್ತಾ? ಸಿಟ್ಟು ಬಂದ ದಿನ ಅವಳಿಗೆ ಚೆನ್ನಾಗಿ ಬರುವ ಒಂದು ಕೆಲಸ ಮಾಡಿಸುತ್ತೇನೆ, ಭೇಷ್ ಅಂತೀನಿ, ಹಗ್ಗ ಸುತ್ತಿ ಮನೆಗೆ ಹೊರಡುತ್ತೇನೆ. ದಾರಿಯುದ್ದಕ್ಕೂ ಅವಳಿಗೆ ಬೇಕಾದ್ದನ್ನು ಮೂಸಲು ಬಿಡುತ್ತೇನೆ.

ನಮ್ಮೂರಿನವರು ಪೊಲೀಸ್ ಶ್ವಾನದಳದ ತುಂಗಾಳ ಹೆಸರು ಹೇಳುತ್ತಾರೆ. 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ವಾಸನೆ ಹಿಡಿದು ಓಡಿ ಆರೋಪಿಯ ಸುಳಿವು ಕೊಟ್ಟ ಡಾಬರ್‌ಮನ್ ಅವಳು. ನನಗೂ ಹೆಮ್ಮೆ. ಆದರೆ ಅಂಥ ನಾಯಿಯ ಹಿಂದೆ ತಿಂಗಳುಗಟ್ಟಲೆ ತರಬೇತಿ ಇರುತ್ತೆ, ಅದನ್ನೇ ಕೆಲಸ ಮಾಡಿಕೊಂಡ ಸಿಬ್ಬಂದಿ ಇರುತ್ತಾರೆ. ದಿನಕ್ಕೆ ಹತ್ತು ನಿಮಿಷ ಕೊಡುವ ನಾನು ಕೆಂಚಿಯನ್ನು ಹೋದ ತಿಂಗಳ ಕೆಂಚಿಯ ಜೊತೆಗೆ ಮಾತ್ರ ಹೋಲಿಸುತ್ತೇನೆ.

ಸದ್ಯ ಗೇಟಿನ ಪಾಠ ನಡೆಯುತ್ತಿದೆ. ಹಾಲಿನವರ ಬೈಕ್ ಬಂದರೆ ಅವಳು ಗೇಟು ಹಾರುವ ಹಾಗೆ ಎಗರುತ್ತಾಳೆ. ಬೈಕಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ತೀರಾ ಸಣ್ಣಗೆ ಹಾಕಿ, ಸುಮ್ಮನಿದ್ದರೆ ಮಂಡಕ್ಕಿ ಕೊಡುತ್ತಿದ್ದೇನೆ. ಸದ್ದು ಅರ್ಧದವರೆಗೆ ಏರಿಸಿದರೂ ಈಗ ಚಾಪೆ ಬಿಟ್ಟು ಏಳುವುದಿಲ್ಲ. ಹಾಲಿನವರೂ ಒಳ್ಳೆಯವರು, ಬೈಕನ್ನು ಎರಡು ಮನೆ ಆಚೆಯೇ ನಿಲ್ಲಿಸಿ ನಡೆದುಕೊಂಡು ಬರುತ್ತಿದ್ದಾರೆ. ಗಣೇಶ ಹಬ್ಬದ ಡೊಳ್ಳು, ಪಟಾಕಿ ಶುರುವಾಗುವುದರೊಳಗೆ ಇದನ್ನು ಗಟ್ಟಿ ಮಾಡಿಕೊಂಡು, ಆಮೇಲೆ ಡೊಳ್ಳಿನ ಸದ್ದನ್ನೂ ಹೀಗೇ ಸಣ್ಣಗೆ ಕೇಳಿಸಬೇಕು ಅಂತಿದ್ದೇನೆ.