ಉಚಿತ ಚಿಕಿತ್ಸೆಗೂ ಖರ್ಚಿದೆ: ಅನುದಾನದ ಹಣ ನಾವು ಎಲ್ಲಿ ಹಾಕಿದೆವು

ಬೇರೆ ಕಡೆಯಿಂದ ಬಂದು ನೆಲೆ ಹುಡುಕುತ್ತಿರುವ ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಚಿಕ್ಕ ಗುಂಪು ನಮ್ಮದು. ದುಡಿಮೆಗಾಗಿ ಬಂದವರು ಇದ್ದಾರೆ, ಇದ್ದ ಮನೆ ಬಿಟ್ಟು ಓಡಿ ಬಂದವರು ಇದ್ದಾರೆ. ಇಲ್ಲೇ ಹುಟ್ಟಿ ಬೆಳೆದರೂ ತಿಂಗಳ ಕೊನೆಗೆ ಕೈ ಖಾಲಿಯಾಗುವ ಮನೆಗಳೂ ಇವೆ. ಮನೆ ಭೇಟಿಯ ಜೊತೆಗೆ ಅನುದಾನಕ್ಕೆ ಅರ್ಜಿ ಬರೆಯುವುದು, ಹಣ ಖರ್ಚು ಮಾಡುವುದು, ಲೆಕ್ಕ ಒಪ್ಪಿಸುವುದು ನನ್ನ ಪಾಲಿನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಕೇಳುವ ಪ್ರಶ್ನೆ ಒಂದೇ. ದುಡ್ಡು ಬಂದರೆ ಮೊದಲು ಯಾವುದಕ್ಕೆ ಹಾಕಬೇಕು? ಮನೆಯಿಂದ ಆಸ್ಪತ್ರೆ ತಲುಪುವ ದಾರಿಗೆ ಹಾಕಿ ಅಂತ ಹೇಳುತ್ತೇನೆ.

ಆಸ್ಪತ್ರೆ ಇರುತ್ತದೆ. ಲಸಿಕೆ ಪುಕ್ಕಟೆ ಇರುತ್ತದೆ. ಆದರೂ ಮಗು ಅಲ್ಲಿಗೆ ತಲುಪಿರುವುದಿಲ್ಲ. ತಾಯಿ ಹೋದರೆ ಒಂದು ದಿನದ ಕೂಲಿ ಹೋಯಿತು. ಬಸ್ಸಿನ ದುಡ್ಡು ಬೇರೆ. ಇನ್ನೊಂದು ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ. ಕೌಂಟರಿನಲ್ಲಿ ಕೇಳುವ ವಿಳಾಸದ ಕಾಗದ ಇಲ್ಲ, ಅಲ್ಲಿನವರ ಮಾತೂ ಅರ್ಥವಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಸೇವೆ ಜನ ವಾಸಿಸುವ, ದುಡಿಯುವ ಜಾಗಕ್ಕೆ ಆದಷ್ಟು ಹತ್ತಿರ ಬರಬೇಕು ಎಂದು ಪ್ರಾಥಮಿಕ ಆರೋಗ್ಯದ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಆಲ್ಮಾ ಆಟಾ ಘೋಷಣೆಯಲ್ಲೇ ಹೇಳಿದ್ದಾರೆ. ಕಟ್ಟಡ ಹತ್ತಿರ ಇದ್ದ ಮಾತ್ರಕ್ಕೆ ಸೇವೆ ಹತ್ತಿರ ಬಂದಂತೆ ಆಗುವುದಿಲ್ಲ ಅನ್ನುವುದು ಮನೆ ಮನೆ ತಿರುಗುವವರಿಗೆ ಗೊತ್ತು.

ಅರ್ಜಿ ಬರೆಯುವ ಮೊದಲು ನಾವು ಕುಟುಂಬಗಳ ಜೊತೆ ಕೂತು ಮಾತಾಡುತ್ತೇವೆ. ‘ನಿಮಗೆ ಏನು ಬೇಕು?’ ಅಂತ ಕೇಳಿದರೆ ಹೆಚ್ಚಿನವರು ಸಂಕೋಚದಿಂದ ‘ಏನೂ ಬೇಡ’ ಅಂದುಬಿಡುತ್ತಾರೆ. ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: ‘ಅಕ್ಕಾ, ಹೋದ ಸಲ ಮಗುಗೆ ಹುಷಾರಿಲ್ಲದಾಗ ಏನು ಮಾಡಿದಿರಿ? ಮೊದಲು ಯಾರ ಹತ್ತಿರ ಹೋದಿರಿ? ದುಡ್ಡು ಎಲ್ಲಿಂದ ತಂದಿರಿ?’ ಆಗ ನಿಜವಾದ ಕಥೆ ಹೊರಗೆ ಬರುತ್ತದೆ. ಜ್ವರ ಬಂದ ದಿನ ಅಂಗಡಿಯ ಮಾತ್ರೆ, ಮಾರನೇ ದಿನ ಸಾಲ, ಮೂರನೇ ದಿನ ಆಸ್ಪತ್ರೆ, ಅಲ್ಲಿ ಸಾಲಿನಲ್ಲಿ ನಿಂತು ನಿಂತು ಸಮಯ ಮುಗಿದು ವಾಪಸ್. ಈ ಕಥೆಯಲ್ಲಿ ಎಲ್ಲೆಲ್ಲಿ ಕಾಲು ನಿಂತುಹೋಯಿತೋ ಅಲ್ಲೆಲ್ಲ ಬಜೆಟ್ಟಿನ ಒಂದೊಂದು ಸಾಲು ಹುಟ್ಟುತ್ತದೆ.

ಬಸುರಿಯ ತಪಾಸಣೆಯನ್ನೇ ತೆಗೆದುಕೊಳ್ಳಿ. ಮೊದಲು ಕನಿಷ್ಠ 4 ಭೇಟಿ ಸಾಕು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಅದನ್ನು 8ಕ್ಕೆ ಏರಿಸಿತು. ಒಳ್ಳೆಯ ಸಲಹೆಯೇ. ಆದರೆ ದಿನಗೂಲಿಯ ಹೆಣ್ಣುಮಗಳಿಗೆ 8 ಭೇಟಿ ಅಂದರೆ 8 ದಿನದ ಸಂಪಾದನೆ, ಹೋಗಿ ಬರುವ 16 ಪ್ರಯಾಣ. ಅರ್ಜಿಯಲ್ಲಿ ಈ ಲೆಕ್ಕವನ್ನು ಹೀಗೇ ಬಿಡಿಸಿ ಬರೆದೆ. ‘ಪ್ರಯಾಣ ಮತ್ತು ಇತರೆ’ ಅಂತ ಸುಮ್ನೆ ಒಂದು ಮೊತ್ತ ಹಾಕಿದರೆ ಅದನ್ನು ಮೊದಲು ಕತ್ತರಿಸುತ್ತಾರೆ. ಯಾರಿಗೆ, ಎಷ್ಟು ಸಲ, ಯಾಕೆ ಅಂತ ಬರೆದರೆ ಕತ್ತರಿಸಲು ಕೈ ಬರುವುದಿಲ್ಲ.

ಇನ್ನು ಲಸಿಕೆ ಕಾರ್ಡಿನ ವಿಷಯ. ಮನೆ ಬದಲಿಸಿದವರು ಪಾತ್ರೆ ಬಿಟ್ಟು ಬಂದಿರುತ್ತಾರೆ, ಆದರೆ ಎಷ್ಟೋ ತಾಯಂದಿರು ಈ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಟ್ಟೆಯ ಗಂಟಿನೊಳಗೆ ಜೋಪಾನ ಮಾಡಿರುತ್ತಾರೆ. ಮಡಿಕೆಯ ಜಾಗದಲ್ಲಿ ಹರಿದಿರುತ್ತದೆ, ಒಂದು ಮೊಹರು ಅಳಿಸಿರುತ್ತದೆ, ಅಕ್ಷರ ಬೇರೆ ಲಿಪಿಯದು. ಆದರೂ ತಾರೀಖು ಓದಬಹುದು, ಅದೇ ಮುಖ್ಯ. ಮಧ್ಯೆ ಎಷ್ಟು ತಿಂಗಳು ತಪ್ಪಿದ್ದರೂ ಸಾಮಾನ್ಯವಾಗಿ ಲಸಿಕೆಯನ್ನು ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ದಾಖಲಾದ ಡೋಸ್ ಲೆಕ್ಕಕ್ಕೆ ಬರುತ್ತದೆ, ನಿಂತಲ್ಲಿಂದ ಮುಂದುವರಿಸಿದರೆ ಆಯಿತು. ಇದು ಗೊತ್ತಿಲ್ಲದೆ ‘ತಡ ಆಯ್ತಲ್ಲ, ಬೈತಾರೆ’ ಅಂತ ಹೆದರಿ ಮನೆಯಲ್ಲೇ ಉಳಿಯುವವರು ತುಂಬಾ ಜನ. ಕಾರ್ಡ್ ಇಲ್ಲದವರಿಗೆ ಡೋಸ್ ಹಾಕಿಸಿಲ್ಲ ಎಂದೇ ಲೆಕ್ಕ ಹಿಡಿದು ನರ್ಸ್ ಹೊಸ ವೇಳಾಪಟ್ಟಿ ಮಾಡಿಕೊಡುತ್ತಾರೆ. ನಾವು ಕಾರ್ಡಿನ ಫೋಟೊ ತೆಗೆದು ತಾಯಿಯ ಫೋನಿನಲ್ಲೇ ಉಳಿಸಿಕೊಡುತ್ತೇವೆ, ಜೊತೆಗೆ ಒಂದು ಝೆರಾಕ್ಸ್. ಅನುದಾನದಲ್ಲಿ ಇದಕ್ಕೆ ಹೋಗುವುದು ಚಿಲ್ಲರೆ ಹಣ. ನನ್ನ ಮಟ್ಟಿಗೆ ಇದು ಅತಿ ಸಾರ್ಥಕ ಖರ್ಚು.

ತೋಳಿನ ಸುತ್ತಳತೆ ಅಳೆಯುವ ಪಟ್ಟಿಯೂ ಹಾಗೇ. 6 ತಿಂಗಳಿಂದ 59 ತಿಂಗಳ ಮಕ್ಕಳಿಗೆ ಇದನ್ನು ಬಳಸುತ್ತಾರೆ. ಮಗುವಿನ ಎಡತೋಳನ್ನು ಸಡಿಲವಾಗಿ ಇಳಿಬಿಡಬೇಕು. ಭುಜದ ತುದಿ ಮತ್ತು ಮೊಣಕೈ ತುದಿಯ ನಡುಮಧ್ಯದಲ್ಲಿ ಪಟ್ಟಿ ಸುತ್ತಬೇಕು. ಚರ್ಮಕ್ಕೆ ತಾಗಬೇಕು, ಒತ್ತಬಾರದು. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ಅದೇ ದಿನ ಆಸ್ಪತ್ರೆಗೆ. 115ರಿಂದ 125ರ ಒಳಗಿದ್ದರೆ ಮಧ್ಯಮ. ಪಾದ ಎರಡೂ ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿದರೆ ಅಳತೆ ಏನೇ ಬಂದಿರಲಿ, ಕಾಯುವಂತಿಲ್ಲ. ಇದನ್ನು ನಾವು ಅಮ್ಮಂದಿರಿಗೇ ಕಲಿಸುತ್ತೇವೆ. ಒಬ್ಬರು ಕಲಿತರೆ ಪಕ್ಕದ ಮನೆಯವರಿಗೆ ಅವರೇ ತೋರಿಸುತ್ತಾರೆ. ಈ ಕುಟುಂಬಗಳು ಮತ್ತೆ ಬೇರೆ ಕಡೆ ಹೋಗುವುದು ಖಚಿತ. ಹೋಗುವಾಗ ಪಟ್ಟಿಯೂ ಜೊತೆಗೆ ಹೋಗುತ್ತದೆ, ಅಳೆಯುವ ಕೈಯೂ ಹೋಗುತ್ತದೆ.

ಜಾಗ ಬದಲಿಸುವವರಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಕ್ಷಯ. ಎರಡು ವಾರ ದಾಟಿದ ಕೆಮ್ಮು ಕಂಡರೆ ಕಫ ಪರೀಕ್ಷೆಗೆ ಕಳಿಸುವುದು ಕಷ್ಟವಲ್ಲ. ಸಾಮಾನ್ಯವಾಗಿ 6 ತಿಂಗಳು ನಡೆಯುವ ಔಷಧಿಯನ್ನು ಕೊನೆ ಮುಟ್ಟಿಸುವುದೇ ಕಷ್ಟ. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಕೆಲಸ ಇನ್ನೆಲ್ಲೋ ಸಿಗುತ್ತದೆ, ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಿಗೆ ಬಗ್ಗದಂತೆಯೂ ಆಗಬಹುದು. ಅದಕ್ಕೇ ಮೊದಲ ದಿನವೇ ಹೇಳಿಬಿಡುತ್ತೇವೆ: ‘ಅಣ್ಣಾ, ಊರು ಬಿಡುವುದಿದ್ದರೆ ಬಿಡಿ, ನಮ್ಮದೇನೂ ತಕರಾರಿಲ್ಲ. ಹೋಗುವ ಮುಂಚೆ ಒಂದು ಫೋನ್ ಮಾಡಿ, ಹೋದ ಕಡೆ ಔಷಧಿ ಮುಂದುವರಿಸಲು ವರ್ಗಾವಣೆ ಪತ್ರ ಮಾಡಿಸಿಕೊಡುತ್ತೇವೆ.’ ಬೈಗುಳ ಇಲ್ಲ ಅಂತ ಗೊತ್ತಾದರೆ ಜನ ಫೋನ್ ಮಾಡುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ರೋಗಿಗೆ, ರೋಗಿಯ ಮಾತನ್ನು ಡಾಕ್ಟರಿಗೆ ಅವರವರ ಭಾಷೆಯಲ್ಲಿ ತಿಳಿಸಿಕೊಡುವವರಿಗೆ ಸಂಬಳ ಇಡಲೇಬೇಕು. ಶಾಲೆಯಲ್ಲಿ ಹೊಸ ಭಾಷೆ ಕಲಿತ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವುದು ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಅಮ್ಮನ ರಕ್ತಸ್ರಾವದ ಬಗ್ಗೆ, ಅಪ್ಪನ ಹೊಡೆತದ ಬಗ್ಗೆ ಹತ್ತು ವರ್ಷದ ಮಗುವಿನ ಬಾಯಲ್ಲಿ ಹೇಳಿಸುವುದು ಸರಿಯಾ? ಎಷ್ಟೋ ವಿಷಯ ತಾಯಿ ಹೇಳುವುದೇ ಇಲ್ಲ. ಹೊಸದಾಗಿ ಬಂದವರಲ್ಲೇ ಎರಡೂ ಭಾಷೆ ಬಲ್ಲ ಹೆಂಗಸರನ್ನು ನಾವು ಕೆಲಸಕ್ಕೆ ತೆಗೆದುಕೊಂಡೆವು, ಗುಟ್ಟು ಕಾಯುವ ತರಬೇತಿ ಕೊಟ್ಟೆವು. ಡಾಕ್ಟರು ಹೇಳಿದ್ದನ್ನು ರೋಗಿ ತನ್ನದೇ ಮಾತಿನಲ್ಲಿ ವಾಪಸ್ ಹೇಳುವ ತನಕ ಅವರು ಎದ್ದು ಬರುವುದಿಲ್ಲ. ‘ಅರ್ಥ ಆಯ್ತಾ?’ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ‘ಈ ಮಾತ್ರೆ ಯಾವಾಗ ತಗೋತೀರಿ, ಹೇಳಿ ನೋಡೋಣ’ ಅಂದರೆ ಗೊತ್ತಾಗುತ್ತದೆ.

‘ಸೇವೆ ಅಲ್ವಾ, ಇವರಿಗೆ ಸಂಬಳ ಯಾಕೆ?’ ಅಂತ ಹಣ ಕೊಡುವ ಕಡೆಯಿಂದ ಪ್ರಶ್ನೆ ಬಂದೇ ಬರುತ್ತದೆ. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕೆಲಸಕ್ಕೆ ತಕ್ಕ ಹಣ ಕೊಡಬೇಕು, ಬರೀ ಪ್ರೋತ್ಸಾಹಧನದ ಮೇಲೆ ನಡೆಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಅರ್ಜಿಯ ಜೊತೆ ಲಗತ್ತಿಸುತ್ತೇನೆ. ಬಡ ಹೆಣ್ಣುಮಗಳ ಸಮಯವನ್ನು ಪುಕ್ಕಟೆ ಬಳಸಿಕೊಂಡು ಬಡವರ ಆರೋಗ್ಯ ಸುಧಾರಿಸುತ್ತೇವೆ ಅನ್ನುವುದು ನನಗೆ ಸರಿಬರುವುದಿಲ್ಲ.

ಲೆಕ್ಕದ ವಿಷಯ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತೀರ್ಮಾನ ಆಗಬೇಕು. ಹೆರಿಗೆ ನೋವು ಬಂದ ರಾತ್ರಿ ಗಾಡಿಯವನ ಹತ್ತಿರ ಬಿಲ್ಲು ಕೇಳಲು ಆಗುತ್ತದಾ? ರಸೀದಿ ಸಿಗದ ಕಡೆ ನಮ್ಮದೇ ವೋಚರ್, ಅದಕ್ಕೆ ಹಣ ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಹೋದವರ ಸಹಿ ಸಾಕು ಅಂತ ಬರೆಸಿಕೊಂಡಿದ್ದೇವೆ. ತುರ್ತು ನಿಧಿಗೆ ಒಂದು ಮಿತಿ ಇದೆ. ಅದರೊಳಗೆ ನಮ್ಮಲ್ಲಿ ಇಬ್ಬರು ಒಪ್ಪಿದರೆ ಅದೇ ದಿನ ಹಣ ಕೊಡುತ್ತೇವೆ. ಸಮಿತಿ ಕೂರುವ ತನಕ ಜ್ವರ ಕಾಯುವುದಿಲ್ಲ.

ಹೆಸರಿನ ಪಟ್ಟಿ ಮಾತ್ರ ಯಾರಿಗೂ ಕೊಡುವುದಿಲ್ಲ. ವರದಿಯಲ್ಲಿ ಪ್ರತಿ ಕುಟುಂಬಕ್ಕೂ ಒಂದು ಸಂಖ್ಯೆ ಇರುತ್ತದೆ, ಹೆಸರಿನ ಪುಸ್ತಕ ಬೀಗದೊಳಗೆ. ವಾಸದ ಪರವಾನಗಿ ಇದೆಯಾ, ಇಲ್ಲವಾ ಎಂದು ನಾವು ಕೇಳುವುದೂ ಇಲ್ಲ, ಬರೆದುಕೊಳ್ಳುವುದೂ ಇಲ್ಲ. ನಮ್ಮ ಹತ್ತಿರ ಇಲ್ಲದ ಮಾಹಿತಿ ಸೋರುವುದಿಲ್ಲ. ಸಹಾಯ ಪಡೆಯುವವರ ಮುಖ ಕಾಣುವ ಫೋಟೊ ಕೇಳಿದರೆ ಕ್ಷಮೆ ಕೇಳಿ ನಿರಾಕರಿಸುತ್ತೇವೆ.

ವರದಿಯಲ್ಲಿ ಎಷ್ಟು ಜನ ಶಿಬಿರಕ್ಕೆ ಬಂದರು ಎಂಬ ಅಂಕಿಯನ್ನು ನಾನು ಮೊದಲು ಹಾಕುವುದಿಲ್ಲ. ನಾವು ಚೀಟಿ ಕೊಟ್ಟು ಕಳಿಸಿದವರಲ್ಲಿ ಎಷ್ಟು ಜನ ಆಸ್ಪತ್ರೆ ತಲುಪಿದರು, ಎಷ್ಟು ಜನ ಚಿಕಿತ್ಸೆ ಮುಗಿಸಿದರು, ಉಳಿದವರು ಎಲ್ಲಿ ನಿಂತರು ಎಂಬುದನ್ನು ಹಾಕುತ್ತೇನೆ. ನಿಂತವರ ಕಾರಣಗಳೇ ಮುಂದಿನ ಅರ್ಜಿಗೆ ಆಧಾರ. ಹೊಸ ಅರ್ಜಿಯಲ್ಲಿ ಆಸ್ಪತ್ರೆಗೆ ಹೋದ ಹೊತ್ತಿನಲ್ಲಿ ಮನೆಯಲ್ಲಿ ಉಳಿಯುವ ಮಕ್ಕಳನ್ನು ನೋಡಿಕೊಳ್ಳುವವರ ವೆಚ್ಚ ಸೇರಿಸಿದ್ದೇವೆ. ಕೇಳಿದ್ದು ತಾಯಂದಿರೇ, ಆ ಕೆಲಸಕ್ಕೆ ಯಾರಾಗಬಹುದು ಅಂತ ಹೆಸರು ಸೂಚಿಸಿದವರೂ ಅವರೇ.