ಕಾರ್ಖಾನೆ ಊರಿನ ಸ್ಕೂಲ್ ನೆನಪುಗಳನ್ನು ಕೂಡಿಸೋದು ಹೇಗೆ: ಭದ್ರಾವತಿಯವರಿಗೊಂದು ಕೈಪಿಡಿ

ಬ್ಯಾಚ್‌ನ ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರೂ ನಿಮ್ಮ ಸ್ಕೂಲ್ ನೆನಪುಗಳನ್ನು ಬರೆದು ಕಳಿಸಿ, ಪುಸ್ತಕ ಮಾಡೋಣ" ಅಂತ ಹಾಕಿದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಒಂದು ರಾಶಿ ಹೆಬ್ಬೆರಳು, ಒಂದಿಷ್ಟು ಕೈಮುಗಿದ ಚಿತ್ರ, "ಸೂಪರ್ ಮಗಾ, ಮಾಡೋಣ". ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಬಂದ ಒಂದೆರಡು ಬರಹದಲ್ಲೂ "ಆ ದಿನಗಳು ಮತ್ತೆ ಬರಲ್ಲ", "ಗುರುಗಳ ಋಣ ತೀರಿಸಲಾಗದು" ಅನ್ನೋದೇ ಜಾಸ್ತಿ. ಇದನ್ನು ದಾವಣಗೆರೆಯವರೂ ಬರೆಯಬಹುದು, ಧಾರವಾಡದವರೂ ಬರೆಯಬಹುದು. ಭದ್ರಾವತಿ ಅದರಲ್ಲಿ ಎಲ್ಲಿದೆ?

ತೊಂದರೆ ಇರೋದು ಪ್ರಶ್ನೆಯಲ್ಲಿ. ಕಾರ್ಖಾನೆ ಊರಲ್ಲಿ ಸ್ಕೂಲ್ ನೆನಪು ಸ್ಕೂಲ್ ಕಾಂಪೌಂಡಿನೊಳಗೇ ಮುಗಿಯೋದಿಲ್ಲ. ಅಪ್ಪನ ಶಿಫ್ಟು, ಸೈರನ್ನು, ಕ್ವಾರ್ಟರ್ಸು, ಬೋನಸ್ಸು ಎಲ್ಲ ಅದಕ್ಕೆ ಅಂಟಿಕೊಂಡೇ ಬರುತ್ತವೆ. ಹಾಗಾಗಿ ಮೊದಲು ಕಾರ್ಖಾನೆ ಬಗ್ಗೆ ಕೇಳಿ, ಸ್ಕೂಲು ತಾನಾಗೇ ಬರುತ್ತದೆ. ಈ ಕೈಪಿಡಿ ಪೂರ್ತಿ ಇದೇ ಮಾತಿನ ಮೇಲೆ ನಿಂತಿದೆ. ಭದ್ರಾವತಿಯನ್ನೇ ಇಟ್ಟುಕೊಂಡು ಬರೆದಿದ್ದೇನೆ, ಕೆಜಿಎಫ್, ಕುದುರೆಮುಖ, ದಾಂಡೇಲಿಯವರು ಹೆಸರು ಬದಲಿಸಿಕೊಂಡು ಬಳಸಬಹುದು.

ಮೊದಲು ಒಂದು ಇಸವಿ ಪಟ್ಟಿ ಮಾಡಿಕೊಳ್ಳಿ

ಯಾರಿಗೂ ಇಸವಿ ನೆನಪಿರೋದಿಲ್ಲ. "ಯಾವಾಗಲೋ ಎಪ್ಪತ್ತೆಂಟೋ ಎಂಬತ್ತೋ" ಅನ್ನುತ್ತಾರೆ. ಆದರೆ "ಆಗ ಇನ್ನೂ ಎಂಪಿಎಂ ಸರ್ಕಾರದ್ದಾಗಿರಲಿಲ್ಲ ಕಣೋ" ಅಂತ ಮೈಸೂರು ಪೇಪರ್ ಮಿಲ್ಸ್ ಬಗ್ಗೆ ಹೇಳೋದು ಚೆನ್ನಾಗಿ ನೆನಪಿರುತ್ತದೆ. ಆದ್ದರಿಂದ ಮಾತಿಗೆ ಕೂರುವ ಮುಂಚೆ ಊರಿನ ಮುಖ್ಯ ಇಸವಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಬೆಂಕಿಪುರ ಅಂತಿದ್ದ ಊರಿನಲ್ಲಿ ಕಬ್ಬಿಣದ ಕೆಲಸ ಶುರುವಾಗಿದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಗಿನ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಾಡಿನ ಮರ ಸುಟ್ಟು ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರು ತಂದು, 1923ರಲ್ಲಿ ಮೊದಲ ಬೀಡುಕಬ್ಬಿಣ ತೆಗೆದರು. 1962ರಲ್ಲಿ ಅದು ಸರ್ಕಾರಿ ಕಂಪನಿ ಆಯಿತು. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು, ವಿಐಎಸ್ಎಲ್ ಅಂತ ಕರೆಯೋದು ಅಲ್ಲಿಂದ. 1989ರಲ್ಲಿ ಕೇಂದ್ರ ಸರ್ಕಾರದ ಸ್ಟೀಲ್ ಅಥಾರಿಟಿ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ಸೇರಿಹೋಯಿತು. ಆ ಕಡೆ ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದು 1936ರಲ್ಲಿ, ಸರ್ಕಾರಿ ಕಂಪನಿ ಆಗಿದ್ದು 1977ರಲ್ಲಿ, ಉತ್ಪಾದನೆ ನಿಂತಿದ್ದು 2015ರಲ್ಲಿ. 2023ರ ಜನವರಿಯಲ್ಲಿ ವಿಐಎಸ್ಎಲ್ ಮುಚ್ಚುವ ತೀರ್ಮಾನ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು.

ಇದರ ಪಕ್ಕದಲ್ಲೇ ಎಲ್ಲರಿಗೂ ಗೊತ್ತಿರುವ ದಿನಗಳನ್ನೂ ಬರೆದುಕೊಳ್ಳಿ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಗಿದ್ದು. 1969ರ ನವೆಂಬರಿನಲ್ಲಿ ನಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸ್‌ನಲ್ಲಿ 137 ಹೊಡೆದಿದ್ದು. 1983ರ ವರ್ಲ್ಡ್ ಕಪ್. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ. 1987ರಲ್ಲಿ ಟೀವಿಯಲ್ಲಿ ರಾಮಾಯಣ ಶುರುವಾಗಿದ್ದು. 2000ದ ಜುಲೈನಲ್ಲಿ ರಾಜ್‌ಕುಮಾರ್ ಅಪಹರಣ. "ಇಂದಿರಾ ಗಾಂಧಿ ತೀರಿಕೊಂಡ ದಿನ ನಿಂಗೆ ಯಾವ ಮೇಷ್ಟ್ರು ಕ್ಲಾಸು ಇತ್ತು?" ಅಂದರೆ ಸಾಕು, ಯಾವ ಕ್ಲಾಸು, ಯಾವ ರೂಮು, ಪಕ್ಕದಲ್ಲಿ ಕೂತಿದ್ದವನು ಯಾರು, ಎಲ್ಲ ಬರುತ್ತದೆ.

ಏನು ಕೇಳಬೇಕು

ಮೊದಲ ಪ್ರಶ್ನೆ ಯಾವಾಗಲೂ "ನಿಮ್ಮಪ್ಪಂಗೆ ಯಾವ ಶಿಫ್ಟು?" ಆಗಿರಲಿ. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಹಗಲೆಲ್ಲ ಮಲಗುವ ಮನೆಯಲ್ಲಿ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುವ ಹಾಗಿಲ್ಲ. ಆ ಹುಡುಗ ಎಲ್ಲಿ ಕೂತು ಓದುತ್ತಿದ್ದ? ಪ್ರೋಗ್ರೆಸ್ ಕಾರ್ಡಿಗೆ ಸಹಿ ಯಾರು ಹಾಕುತ್ತಿದ್ದರು? ಸೆಕೆಂಡ್ ಶಿಫ್ಟಿನ ವಾರದಲ್ಲಿ ಮಗ ಸ್ಕೂಲಿಂದ ಬರುವಷ್ಟರಲ್ಲಿ ಅಪ್ಪ ಕೆಲಸಕ್ಕೆ ಹೋಗಿರುತ್ತಾರೆ, ಅವರು ಬರುವ ಹೊತ್ತಿಗೆ ಇವನು ಮಲಗಿರುತ್ತಾನೆ. ಅಂಥ ವಾರದಲ್ಲಿ ಮಾರ್ಕ್ಸ್ ಕಡಿಮೆ ಬಂದ ಕಾರ್ಡು ಕೈಗೆ ಸಿಕ್ಕಿದರೆ ಅದೃಷ್ಟ ಅಲ್ವಾ! ಶಿಫ್ಟಿನ ಪ್ರಶ್ನೆ ಅಮ್ಮನ ಕಡೆಗೂ ಹೊರಳುತ್ತದೆ. ಕ್ಯಾರಿಯರ್ ಕಟ್ಟುತ್ತಿದ್ದವರು ಅವರು, ಪಾಠ ಒಪ್ಪಿಸಿಕೊಳ್ಳುತ್ತಿದ್ದವರೂ ಅವರೇ.

ಆಮೇಲೆ ಸೈರನ್ನು. ಸೈರನ್ ಕೇಳಿ ಏನೇನು ಮಾಡುತ್ತಿದ್ದಿರಿ ಅಂತ ಕೇಳಿ. ಯಾವ ಸೈರನ್ನಿಗೆ ಮನೆ ಬಿಡುತ್ತಿದ್ದಿರಿ, ಯಾವುದಕ್ಕೆ ಆಟ ನಿಲ್ಲಿಸಬೇಕಿತ್ತು. ಹೊತ್ತಲ್ಲದ ಹೊತ್ತಲ್ಲಿ ಸೈರನ್ ಆಗಿದ್ದು ನೆನಪಿದೆಯಾ ಅಂತಲೂ ಕೇಳಿ, ಆದರೆ ಕೇಳಿ ಸುಮ್ಮನಿರಿ. ಒಳಗೆ ಅಪಘಾತ ಆದ ದಿನಗಳನ್ನು ಮಾತಿನಲ್ಲಿ ಅವಸರದಿಂದ ದಾಟಿಸಬಾರದು.

ಮೂರನೆಯದು ಕ್ವಾರ್ಟರ್ಸ್ ಮತ್ತು ದಾರಿ. ಹುತ್ತಾ ಕಾಲೋನಿಯೋ, ಜನ್ನಾಪುರವೋ, ನ್ಯೂಟೌನೋ, ಕಾಗದನಗರವೋ, ಹಳೇನಗರವೋ? ಒಂದು ಹಾಳೆ ಕೊಟ್ಟು ಮನೆಯಿಂದ ಸ್ಕೂಲಿಗೆ ಹೋಗುತ್ತಿದ್ದ ದಾರಿ ಬಿಡಿಸಲು ಹೇಳಿ. "ನಂಗೆ ಚಿತ್ರ ಬರಲ್ಲ" ಅಂತಾರೆ, ಬಿಡಬೇಡಿ. ಗೆರೆ ಎಳೆಯುತ್ತ ಹೋದಂತೆ ಹುಣಸೆಮರ, ನಲ್ಲಿ, ರೇಷನ್ ಸಾಲು, ಅಟ್ಟಿಸಿಕೊಂಡು ಬರುತ್ತಿದ್ದ ನಾಯಿ, ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿ ಎಲ್ಲ ಹಾಳೆಗೆ ಇಳಿಯುತ್ತವೆ. ಕಾಗದನಗರದ ಕಡೆಯವರಿಗೆ ವಾಸನೆ ಬಗ್ಗೆ ಕೇಳಿ. ತಿರುಳು ಬೇಯಿಸುವ ಆ ವಾಸನೆ ಹೊರಗಿನಿಂದ ಬಂದ ನೆಂಟರಿಗೆ ಮಾತ್ರ ಗೊತ್ತಾಗುತ್ತಿತ್ತು, ಅಲ್ಲಿಯ ಮಕ್ಕಳಿಗೆ ಅದೇ ಗಾಳಿ.

ಇನ್ನು ಒಂದೇ ಉಸಿರಿಗೆ ಕೇಳಬಹುದಾದವು: ಆಯುಧಪೂಜೆ ದಿನ ಕಾರ್ಖಾನೆ ಒಳಗೆ ಹೋಗಿದ್ದಿರಾ, ಬೋನಸ್ ಬಂದಾಗ ಏನು ಕೊಡಿಸಿದರು, ಸ್ಟ್ರೈಕ್ ಆದಾಗ ಸ್ಕೂಲ್ ಫೀಸಿಗೆ ಏನು ಮಾಡಿದಿರಿ, ಮೊದಲ ಟೀವಿ ಯಾರ ಮನೆಗೆ ಬಂತು. ಸ್ಟ್ರೈಕಿನ ಪ್ರಶ್ನೆ ಬಿಡಲೇಬೇಡಿ.

ಭಾಷೆ ಬಗ್ಗೆ ಬೇರೆಯಾಗೇ ಕೇಳಿ. ಭದ್ರಾವತಿಗೆ ಕೆಲಸಕ್ಕೆ ಬಂದವರಲ್ಲಿ ತಮಿಳರು ಬಹಳ, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರೂ ಇದ್ದರು. ಮನೆಯಲ್ಲಿ ತಮಿಳು, ಕ್ಲಾಸಲ್ಲಿ ಕನ್ನಡ, ಆಟದಲ್ಲಿ ಎರಡೂ ಕಲಸಿದ ಒಂದು ಭಾಷೆ. ಆ ಬೈಗುಳಗಳು ಯಾವ ನಿಘಂಟಿನಲ್ಲೂ ಸಿಗಲ್ಲ, ಅವನ್ನು ಹಾಗೇ ಬರೆದಿಡಿ.

ಯಾರನ್ನು ಕೇಳಬೇಕು

ಪುಸ್ತಕ ಸಪ್ಪೆಯಾಗೋದು ಇಲ್ಲೇ. ಕಮಿಟಿ ಮಾಡುವವರು ಸಾಮಾನ್ಯವಾಗಿ ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ, ರ‍್ಯಾಂಕ್ ಬಂದ, ಮೇಷ್ಟ್ರ ಮೆಚ್ಚಿನ ಶಿಷ್ಯರು. ಅವರು ಅವರಂಥವರನ್ನೇ ಕೇಳುತ್ತಾರೆ. ಕೊನೆಗೆ ಹೊರಬರೋದು ಸಾಧಕರ ಪಟ್ಟಿ.

ಕಂಪನಿ ಊರಿನ ಕ್ವಾರ್ಟರ್ಸ್‌ಗಳಿಗೆ ದರ್ಜೆ ಇರುತ್ತದೆ. ಆಫೀಸರ್ ಬಂಗಲೆಯ ಮಕ್ಕಳು, ಕಾರ್ಮಿಕರ ಲೈನಿನ ಮಕ್ಕಳು, ಕ್ವಾರ್ಟರ್ಸೇ ಸಿಗದ ಗುತ್ತಿಗೆ ಕೆಲಸದವರ ಮಕ್ಕಳು, ಗೇಟಿನ ಹೊರಗೆ ಟೀ ಅಂಗಡಿ ಇಟ್ಟವರ ಮಕ್ಕಳು ಒಂದೇ ಬೆಂಚಲ್ಲಿ ಕೂತಿದ್ದರೂ ಒಂದೇ ನೆನಪು ಇಟ್ಟುಕೊಂಡಿರೋದಿಲ್ಲ. ಒಬ್ಬರಿಗೆ ಸ್ಕೂಲ್ ಡೇ ಅಂದರೆ ನಾಟಕದ ಮುಖ್ಯ ಪಾತ್ರ, ಇನ್ನೊಬ್ಬರಿಗೆ ಬಿಳಿ ಕ್ಯಾನ್ವಾಸ್ ಶೂ ಇಲ್ಲದೆ ಡ್ರಿಲ್ಲಿನಿಂದ ಹೊರಗೆ ನಿಂತಿದ್ದು. ಇಬ್ಬರೂ ಬೇಕು. ಪ್ರತಿ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರನ್ನು, ಅರ್ಧಕ್ಕೆ ಬಿಟ್ಟವರನ್ನು ಹುಡುಕಿ. ಊರಲ್ಲೇ ಉಳಿದಿರುವವರು ಅವರೇ ಜಾಸ್ತಿ, ಅವರಿಗೆ ಊರಿನ ಪೂರ್ತಿ ಲೆಕ್ಕ ಗೊತ್ತು. ಹುಡುಗಿಯರನ್ನು ಹುಡುಕೋದು ಕಷ್ಟ, ಮದುವೆಯಾಗಿ ಊರೂ ಬದಲಾಗಿರುತ್ತದೆ, ಹೆಸರೂ ಬದಲಾಗಿರುತ್ತದೆ. ತಮ್ಮಂದಿರ ಮೂಲಕ ಹೋಗಿ, ಸಿಗುತ್ತಾರೆ. ಗಂಡಸರೇ ತುಂಬಿದ ಗ್ರೂಪಿಗೆ ಸೇರಿಸಿ "ಅಕ್ಕಾ, ಬರೀರಿ" ಅಂದರೆ ಯಾರೂ ಬರೆಯಲ್ಲ. ಅವರ ಬ್ಯಾಚಿನ ಗೆಳತಿಯೊಬ್ಬರಿಂದಲೇ ಫೋನ್ ಮಾಡಿಸಿ.

ಹಳೆ ವಿದ್ಯಾರ್ಥಿ ಅಂದರೆ ಅರವತ್ತು ದಾಟಿದವರೇ ಅಂದುಕೊಳ್ಳಬೇಡಿ. ಎಂಪಿಎಂ ನಿಂತ ವರ್ಷ ಹೈಸ್ಕೂಲಲ್ಲಿದ್ದವರಿಗೆ ಈಗ ಇಪ್ಪತ್ತೈದರ ಆಸುಪಾಸು. ಕ್ಲಾಸಿನಿಂದ ಒಬ್ಬೊಬ್ಬರೇ ಟೀಸಿ ತೆಗೆದುಕೊಂಡು ಹೋಗಿದ್ದನ್ನು ನೋಡಿದವರು ಇವರು. ಅವರ ನೆನಪಿನಲ್ಲಿ ಸಕ್ಕರೆ ಕಡಿಮೆ, ಅದಕ್ಕೇ ಅದು ಬೇಕು.

ಮೇಷ್ಟ್ರುಗಳ ಪೈಕಿ ಬದುಕಿರುವವರ ಹತ್ತಿರ ಎಲ್ಲಕ್ಕಿಂತ ಮೊದಲು ಹೋಗಿ. ಜೊತೆಗೆ ಜವಾನರು, ಗಂಟೆ ಹೊಡೆಯುತ್ತಿದ್ದವರು, ಗೇಟಿನ ಹತ್ತಿರ ಮಾವಿನಕಾಯಿ ಹೋಳಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದ ಅಜ್ಜಿಯ ಮನೆಯವರು.

ರೆಕಾರ್ಡು, ಫೋಟೋ

ಬರೆದು ಕಳಿಸಿ ಅನ್ನಬೇಡಿ, ಮಾತಾಡಿಸಿ. ಪೆನ್ನು ಹಿಡಿದ ಕೂಡಲೇ ನಮ್ಮ ಜನ ಭಾಷಣದ ಕನ್ನಡಕ್ಕೆ ಹೋಗಿಬಿಡುತ್ತಾರೆ. ಮನೆಗೆ ಹೋಗಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಅವರಿಗೆ ಹತ್ತಿರವಾಗಿ ಇಡಿ. ಶುರುವಿನಲ್ಲಿ ಹೆಸರು, ಯಾವ ಇಸವಿಯಲ್ಲಿ ಓದಿದ್ದು, ತಾರೀಖು ಹೇಳಿಸಿ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ಏಯ್, ಹಂಗಲ್ಲ ಕಣೋ" ಅಂತಾರೆ, ಆ ಜಗಳದಲ್ಲೇ ನಿಜ ಇರುತ್ತದೆ. ನಾಲ್ಕು ಜನಕ್ಕಿಂತ ಜಾಸ್ತಿ ಬೇಡ, ಗಲಾಟೆಯಲ್ಲಿ ಏನೂ ಕೇಳಿಸಲ್ಲ. ಬರಹಕ್ಕೆ ಇಳಿಸುವಾಗ ಫೋನಿನ ಕನ್ನಡ ಧ್ವನಿ ಟೈಪಿಂಗ್ ಬಳಸಿ, ತಪ್ಪು ತಿದ್ದಿಕೊಳ್ಳಿ, ಆದರೆ ಅವರ ಮಾತಿನ ಧಾಟಿ ತಿದ್ದಬೇಡಿ. ತಮಿಳಲ್ಲಿ ಹೇಳಿದ್ದನ್ನು ತಮಿಳಲ್ಲೇ ರೆಕಾರ್ಡ್ ಇಟ್ಟುಕೊಂಡು, ಕನ್ನಡಕ್ಕೆ ತಂದಿದ್ದನ್ನು ಅವರ ಮುಂದೆಯೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ರಟ್ಟಿಗೆ ಅಂಟಿಸಿದ ಗ್ರೂಪ್ ಫೋಟೋ ಪ್ರತಿ ಮನೆಯಲ್ಲೂ ಸಿಗುತ್ತದೆ. ರಟ್ಟಿನಿಂದ ಕೀಳಬೇಡಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವುದಾದರೆ 600 ಡಿಪಿಐ ಅಂತ ಹೇಳಿ. ಫೋನಲ್ಲೇ ತೆಗೆಯುವುದಾದರೆ ಫ್ಲ್ಯಾಶ್ ಇಲ್ಲದೆ, ಬಾಗಿಲ ಹತ್ತಿರ ನೆರಳಿನಲ್ಲಿ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಒಂದು ಪ್ರಿಂಟ್ ತೆಗೆದು ಮುಖಗಳ ಮೇಲೆ ನಂಬರ್ ಹಾಕಿ, ಎಡದಿಂದ ಬಲಕ್ಕೆ, ಮುಂದಿನ ಸಾಲಿನಿಂದ ಹಿಂದಕ್ಕೆ. ಆ ನಂಬರಿನ ಪ್ರತಿಯನ್ನು ಗ್ರೂಪಿಗೆ ಹಾಕಿ "17 ಯಾರು?" ಅಂತ ಕೇಳಿ. ನೆನಪು ಬರೆದು ಕಳಿಸಿ ಅಂದಾಗ ಸುಮ್ನಿದ್ದವರೆಲ್ಲ ಆಗ ಎದ್ದು ಕೂರುತ್ತಾರೆ.

ಸ್ಕೂಲಿನ ದಾಖಲಾತಿ ಪುಸ್ತಕ ನೋಡಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡಿ. ಮುಚ್ಚಿದ ಸ್ಕೂಲಾದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಅಲ್ಲಿಯವರಿಗೆ ಈ ಕೆಲಸ ನಮಗಿಂತ ಅವಸರದ್ದು.

ಏನನ್ನು ಬಿಡಬೇಕು, ಏನನ್ನು ಬಿಡಬಾರದು

ಮೇಷ್ಟ್ರ ಅಡ್ಡಹೆಸರು ಇರಲಿ, ಅವರ ಮನೆಯವರಿಗೆ ಒಂದು ಮಾತು ಕೇಳಿ. ಜಾತಿ ಹಿಡಿದು ಇಟ್ಟ ಅಡ್ಡಹೆಸರು ಬೇಡ, ಆದರೆ ಹಾಗೆ ಕರೆಸಿಕೊಂಡವರೇ ಅದನ್ನು ಹೇಳಬೇಕು ಅಂದರೆ ಅವರ ಮಾತಿನಲ್ಲೇ ಹಾಕಿ. ಬೆತ್ತದ ಏಟನ್ನು ನಗಿಸುವ ಕತೆ ಮಾಡೋದು ನಮ್ಮ ಹಳೆ ಚಾಳಿ. "ಹೊಡೆದಿದ್ದಕ್ಕೇ ನಾವು ಮುಂದೆ ಬಂದ್ವಿ" ಅನ್ನುವವರ ಪಕ್ಕದಲ್ಲೇ, ಹೊಡೆತಕ್ಕೆ ಹೆದರಿ ಸ್ಕೂಲು ಬಿಟ್ಟವರದ್ದೂ ಬರಲಿ. ಯಾರದ್ದೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ಓದಿ ಹೇಳಿ "ಇದು ಇರಲಾ?" ಅಂತ ಕೇಳಿ. ಬೇಡ ಅಂದರೆ ತೆಗೆಯಿರಿ, ವಾದ ಮಾಡಬೇಡಿ.

ಅಚ್ಚು

ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೆ ನುಡಿ ಫಾಂಟಿನಲ್ಲಿ ಬಂದಿದ್ದನ್ನು ಬದಲಿಸಿಕೊಂಡು ಒತ್ತಕ್ಷರ ನೋಡಿಕೊಳ್ಳಿ, ಅಲ್ಲೇ ತಪ್ಪು ನುಸುಳೋದು. ಪುಸ್ತಕದ ಅಳತೆ ಡೆಮಿ ಅಷ್ಟದಳ ಸಾಕು. ಕಡಿಮೆ ಪ್ರತಿಗಳಿಗೆ ಡಿಜಿಟಲ್ ಪ್ರಿಂಟ್ ಅಗ್ಗ, ಸಾವಿರ ಮಾಡಿಸುವುದಾದರೆ ಆಫ್‌ಸೆಟ್. ಸಾವಿರ ಮಾಡಿಸಬೇಡಿ, ಕಾರ್ಯದರ್ಶಿ ಮನೆ ಅಟ್ಟದಲ್ಲಿ ಉಳಿಯುತ್ತವೆ. ಮೊದಲೇ ದುಡ್ಡು ಕೊಟ್ಟವರ ಪಟ್ಟಿ ಮಾಡಿ, ಅದಕ್ಕೆ ಒಂದಿಷ್ಟು ಸೇರಿಸಿ ಮಾಡಿಸಿ. ಶಾಸಕರ ಫೋಟೋ, ಶುಭಾಶಯದ ಜಾಹೀರಾತು ಹಾಕಿದರೆ ಖರ್ಚು ಗಿಟ್ಟುತ್ತದೆ ನಿಜ, ಆದರೆ ಮೊದಲ ಇಪ್ಪತ್ತು ಪುಟ ಅವೇ ತಿಂದುಬಿಡುತ್ತವೆ. ಹಾಕಲೇಬೇಕಾದರೆ ಕೊನೆಗೆ ಹಾಕಿ.

1954ರ ಡೆಲಿವರಿ ಆಫ್ ಬುಕ್ಸ್ ಕಾಯ್ದೆ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಕ್ಕೂ ಪ್ರತಿ ಕಳಿಸಬೇಕು. ಊರಿನ ಲೈಬ್ರರಿಗೆ ಎರಡು, ಸ್ಕೂಲಿಗೆ ಎರಡು ಕೊಡಿ. ಪುಸ್ತಕಕ್ಕೆ ಬಾರದ ಗಂಟೆಗಟ್ಟಲೆ ರೆಕಾರ್ಡಿಂಗನ್ನು ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕಿಗೆ ಹಾಕಿ ಇಬ್ಬರ ಮನೆಯಲ್ಲಿಡಿ, ಒಬ್ಬರು ಊರಲ್ಲಿರುವವರಾಗಲಿ, ಇನ್ನೊಬ್ಬರು ಹೊರಗಿರುವವರಾಗಲಿ. ಫೈಲಿನ ಹೆಸರಲ್ಲಿ ಮಾತಾಡಿದವರ ಹೆಸರು, ಬ್ಯಾಚಿನ ಇಸವಿ, ಕಾಲೋನಿ ಈ ಮೂರೂ ಇರಲಿ.